ಹೆಸರುಕಾಳಿನ ಹೊಲದ ಮೂಡಣ ಮೂಲೆಗೆ ಅಭಿಮಾನಿಯ ಅಹವಾಲು

ಮುಶಿಗೇರಿಯ ಅರ್ಜುನಪ್ಪನವರ ಹೊಲದ ಮೂಡಣ ಮೂಲೆಯಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲಕ್ಕೆ ವಿರಾಜಮಾನರಾಗಿರುವ ಮಾನ್ಯರೇ,

ತಮ್ಮ ಕರಿಮಣ್ಣಿಗೆ ನನ್ನ ನಮಸ್ಕಾರಗಳು. ನಾನು ಅರ್ಜುನಪ್ಪನ ಮೊಮ್ಮಗಳು, ತಮ್ಮ ಕಟ್ಟಾ ಫ್ಯಾನ್. ನನ್ನ ಡಿಪಿಯಲ್ಲಿ ಈಗಲೂ ತಾವೇ ಇದ್ದೀರಿ. ಊರ ಗ್ರೂಪಿನಲ್ಲಿ ತಮ್ಮ ಫೋಟೋಗೆ ಮೊದಲ ಹಾರ್ಟ್ ಒತ್ತಿದವಳೂ ನಾನೇ. ಎರಡನೆಯದು ಬರಲೇ ಇಲ್ಲ.

ಹೋದ ಮುಂಗಾರಿನಲ್ಲಿ ಕಾಯಿ ಬಲಿಯುವ ಹೊತ್ತಿಗೆ ಜಡಿಮಳೆ ಹಿಡಿದು ಊರ ಹೆಸರೆಲ್ಲ ಗಿಡದಲ್ಲೇ ಮೊಳಕೆಯೊಡೆದಾಗ, ತುಸು ದಿಬ್ಬದ ಮೇಲಿರುವ ತಾವು, ಬೇಸಿಗೆಯಲ್ಲಿ ಮಾಳಿಂಗರಾಯನ ಕುರಿ ಹಿಂಡು ಎಂಟು ದಿನ ತಂಗಿ ಕೊಟ್ಟ ಗೊಬ್ಬರವನ್ನೆಲ್ಲ ಉಂಡು, ಮದುವೆಗೆ ಹೊರಟವರಂತೆ ಮಿಂಚುತ್ತಿದ್ದಿರಿ. ಅದಕ್ಕೆ ನನ್ನ ತಕರಾರಿಲ್ಲ.

ಬೆಳೆ ವಿಮೆಯ ಪದ್ಧತಿ ತಮಗೆ ಗೊತ್ತೇ ಇದೆ. ಪಂಚಾಯಿತಿಯ ನಾಲ್ಕು ಹೊಲಗಳಲ್ಲಿ ಒಂದೊಂದು ಚೌಕ ಗುರುತಿಸಿ, ಅಷ್ಟನ್ನೇ ಕೊಯ್ದು ತೂಗುತ್ತಾರೆ. ನಾಲ್ಕರ ಸರಾಸರಿ ತೂಕ ಕಡಿಮೆ ಬಂದರೆ ಎಲ್ಲರಿಗೂ ಪರಿಹಾರ. ಅಳೆಯಲು ಬಂದ ಸಾಹೇಬರ ಮೊಬೈಲು ಚೌಕಕ್ಕೆಂದು ತೋರಿಸಿದ್ದು ನಮ್ಮ ಹೊಲದ ನಡುವಿನ ಕೊಳೆತ ಜಾಗವನ್ನು. ಆದರೆ ಟೇಪು ಹಿಡಿದು ಮನೆಬಾಗಿಲಿಗೆ ಬಂದವರಿಗೆ ಕೊಳೆತ ಬೆಳೆ ತೋರಿಸುವುದೆಂದರೆ ನಮ್ಮಜ್ಜನಿಗೆ ಮರ್ಯಾದೆಯ ಪ್ರಶ್ನೆ. "ಆ ರಾಡ್ಯಾಗ ಯಾಕ ಕಾಲಿಡ್ತೀರಿ ಸಾಹೇಬ್ರ, ಅಲ್ಲೇನೈತ್ರಿ ನೋಡೂದು? ಇಲ್ಲೆ ಬರ್ರಿ, ಬೆಳಿ ಅಂದ್ರ ಇದು!" ಎಂದು ಮಜ್ಜಿಗೆ ಕುಡಿಸಿ ತಮ್ಮ ಬಳಿಗೇ ಕರೆತಂದ. ಬೂಟು ಉಳಿದ ಖುಷಿಯಲ್ಲಿ ಅವರೂ ಗೂಟ ಬಡಿದೇಬಿಟ್ಟರು.

ಮುಂದಿನದೆಲ್ಲ ತಮ್ಮ ಸಾಧನೆ. ಉಳಿದ ಮೂರು ಚೌಕಗಳ ಬಡತನವನ್ನು ತಾವೊಬ್ಬರೇ ಮುಚ್ಚಿ, ಇಡೀ ಪಂಚಾಯಿತಿಯ ಇಳುವರಿ ಸಮಾಧಾನಕರವೆಂದು ಬರೆಸಿ, ಒಬ್ಬರಿಗೂ ಪರಿಹಾರ ಬರದಂತೆ ನೋಡಿಕೊಂಡಿರಿ. ಇಷ್ಟು ಚಿಕ್ಕ ಅಳತೆಯಲ್ಲಿ ಇಷ್ಟು ದೊಡ್ಡ ಪ್ರಭಾವ ಬೇರೆ ಯಾರಿಗುಂಟು! ಪಕ್ಕದ ಹೊಲದ ಕಳಕವ್ವ ನಮ್ಮ ಬಾಗಿಲಿಗೇ ಬಂದು, "ಅರ್ಜುನಣ್ಣಾ, ನಿನ್ನ ಮೂಲ್ಯಾಗ ನಂದೂ ಬೆಳದೈತಂತ ಕಾಗದದಾಗ ಬರದಾರಂತ. ನನ್ನ ಪಾಲಿನ ಚೀಲ ಕೊಟ್ಟಬಿಡಪಾ, ಹೊತ್ಕೊಂಡ ಹೋಗ್ತೀನಿ" ಎಂದಳು. ಅಂದಿನಿಂದ ಅಜ್ಜ ಹೊಳಿಯಪ್ಪನ ಚಹಾದಂಗಡಿಯ ಕಡೆ ಮುಖ ಹಾಕಿಲ್ಲ. ಕೀಪ್ಯಾಡ್ ಫೋನಿನವನನ್ನು ಗ್ರೂಪಿನಿಂದ ತೆಗೆಯುವುದು ಹೇಗೆಂದು ತಿಳಿಯದೆ, ಊರವರು ನನ್ನನ್ನು ತೆಗೆದರು.

ಆದ್ದರಿಂದ ತಮ್ಮಲ್ಲಿ ವಿನಂತಿ: ದಯವಿಟ್ಟು ತುಸು ಹಿಗ್ಗಿ, ಊರವರ ಹೊಲಗಳಲ್ಲೆಲ್ಲ ಒಂದೊಂದು ಎಕರೆ ಹರಡಿಕೊಳ್ಳಿ. ಅದು ಕಷ್ಟವಾದರೆ, 'ಜಾಗ ಬದಲಿಸಿದ ತಪ್ಪು ನನ್ನದು, ಊರಿಗೆ ಶಿಕ್ಷೆ ಬೇಡ' ಎಂದು ಅಜ್ಜ ಕೊಟ್ಟಿರುವ ಅರ್ಜಿಯ ವಿಚಾರಣೆಗೆ ಸೋಮವಾರ ಖುದ್ದಾಗಿ ಬಂದು, ತಾವು ಊರಲ್ಲ, ಬರೀ ಒಂದು ಮೂಲೆ ಎಂದು ಹೇಳಿಕೆ ಕೊಡಿ. ಗಜೇಂದ್ರಗಡದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ನಾನೇ ಟವೆಲ್ ಹಾಕಿ ಜಾಗ ಹಿಡಿದಿರುತ್ತೇನೆ.

ಗ್ರೂಪಿನಿಂದ ಹೊರಬಿದ್ದರೂ ಡಿಪಿ ಬದಲಿಸದ,
ತಮ್ಮ ವಿಶ್ವಾಸಿ,
ಮೇಘಾ

ತಾ.ಕ.: ಹಿಂಗಾರಿನ ಕಡಲೆ ತೂಗಲು ಸಾಹೇಬರು ಮುಂದಿನ ವಾರ ಮತ್ತೆ ನಮ್ಮ ಹೊಲಕ್ಕೇ ಬರುತ್ತಾರಂತೆ. ಈ ಸಲ ಮೊಬೈಲು ತೋರಿಸಿದ ಜಾಗದಿಂದ ಅವರನ್ನು ಕದಲಗೊಡುವುದಿಲ್ಲ ಎಂದು ಅಜ್ಜ ಕಳಕವ್ವನ ಮುಂದೆ ಆಣೆ ಮಾಡಿದ್ದಾನೆ. ಆಣೆ ಮಾಡಿ ಬಂದವನು ನಿನ್ನೆಯಿಂದ ತಮ್ಮಲ್ಲೇ ಕೂತು ಕಸ ಕೀಳುತ್ತಿದ್ದಾನೆ. ಯಾಕಜ್ಜಾ ಎಂದರೆ, "ನಾಕ ಮಂದಿ ಬಂದು ನೋಡೂ ಜಾಗಾ ಯವ್ವಾ, ಹಂಗ ಬಿಡಾಕ ಬರತೈತೇನು?" ಎನ್ನುತ್ತಾನೆ.