ಬಟನ್‌ಗೆ ಹೊಲಿದ ಕೋಟು

ನಾಯಿ ಮೈ ಕೆರೆದುಕೊಂಡರೆ ಡಾಕ್ಟರು ಯಾಕೆ? ನಾನಿಲ್ಲವೇ! ಎಂಥೆಂಥ ಡೊಳ್ಳುಹೊಟ್ಟೆಗಳನ್ನು ಕೋಟಿನೊಳಗೆ ಅಡಗಿಸಿದ ದರ್ಜಿ ನಾನು. ಒಂದು ನಾಯಿಯ ತುರಿಕೆ ನನಗೆ ಯಾವ ಲೆಕ್ಕ?

ನಮ್ಮ ನಾಯಿ ಬಟನ್ ಮಲಗುವುದು ಅಂಗಡಿಯಲ್ಲೇ, ಹೊಲಿಗೆ ಯಂತ್ರದ ಪಕ್ಕದ ತುಂಡುಬಟ್ಟೆಗಳ ರಾಶಿಯ ಮೇಲೆ. ಕೆರೆದು ಕೆರೆದು ಬಾಲದ ಬುಡದಲ್ಲಿ ಕೂದಲು ಉದುರಿ ಚರ್ಮ ಕೆಂಪಾಗಿತ್ತು.

"ಚಿಗಟ ಇರ್ಬೇಕು ಕಣ್ರೀ, ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ," ಎಂದಳು ಹೆಂಡತಿ.

"ನನ್ನ ಅಂಗಡೀಲಿ ಚಿಗಟನಾ? ಉಗುರು ತಾಗದ ಹಾಗೆ ಮಾಡಿದ್ರೆ ತುರಿಕೆ ತಾನಾಗೇ ನಿಲ್ಲುತ್ತೆ, ನೋಡ್ತಿರು."

ಅಳತೆ ತೆಗೆದೆ. ದಪ್ಪ ಉಣ್ಣೆ, ಒಳಗೆ ಮೆತ್ತನೆಯ ಅಸ್ತರು, ಹೊಟ್ಟೆಯ ಕೆಳಗೆ ಸಾಲು ಗುಂಡಿ. ಏನು ಗತ್ತು, ಏನು ಗಾಂಭೀರ್ಯ! ಕೋಟು ತೊಟ್ಟ ಬಟನ್ ಒಂದು ಗಳಿಗೆ ಸುಮ್ಮನೆ ನಿಂತ. ಆಮೇಲೆ ಗೋಡೆಗೆ ಮೈ ಉಜ್ಜಿದ, ಮೇಜಿಗೆ ಉಜ್ಜಿದ, ಕೊನೆಗೆ ಗಿರಾಕಿಗಳಿಗೆಂದು ನೇತುಹಾಕಿದ್ದ ಕೋಟುಗಳಿಗೆಲ್ಲ ಒಂದೂ ಬಿಡದೆ ಉಜ್ಜಿದ.

ಆ ಕೋಟುಗಳು ಗಿರಾಕಿಗಳ ಮನೆ ಸೇರಿದವು. ಕೆಲವೇ ದಿನಗಳಲ್ಲಿ ಬ್ಯಾಂಕಿನ ಮ್ಯಾನೇಜರು ತಮ್ಮದನ್ನು ವಾಪಸು ತಂದರು.

"ಫಿಟ್ಟಿಂಗ್ ಚೆನ್ನಾಗಿದೆ. ಹಾಕ್ಕೊಂಡ್ರೆ ಮಾತ್ರ ಮೈಯೆಲ್ಲ ಕಡಿಯುತ್ತೆ."

"ಹೊಸ ಉಣ್ಣೆ ಸಾರ್, ಮೊದಮೊದಲು ಹಾಗೇ," ಎಂದು ಜಾರಿಕೊಂಡೆ.

ಅವರ ಹಿಂದೆಯೇ ಇನ್ನೊಂದು ಕೋಟು ಬಂತು, ಮತ್ತೊಂದು ಬಂತು. ಹೀಗೇ ಆದರೆ ಅಂಗಡಿಗೆ ಬೀಗವೇ ಗತಿ! ಹೆಂಡತಿ ಬಟನ್‌ನ ಹಗ್ಗ ತಂದು ನನ್ನ ಕೈಗಿಟ್ಟಳು. ತಾನೂ ಜೊತೆಗೆ ಹೊರಟಳು.

ಡಾಕ್ಟರು ಬಟನ್‌ನ ಕೋಟು ಬಿಚ್ಚಿ, ಸಣ್ಣ ಹಲ್ಲಿನ ಬಾಚಣಿಗೆ ಆಡಿಸಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಉಜ್ಜಿದರು. ಹತ್ತಿ ಕೆಂಪಾಯಿತು.

"ಚಿಗಟದ ಹಿಕ್ಕೆ. ಕುಡಿದಿದ್ದೆಲ್ಲ ಇದರ ರಕ್ತ. ನೀವು ಅವಕ್ಕೆ ಬೆಚ್ಚಗಿನ ಮನೆ ಬೇರೆ ಕಟ್ಟಿಕೊಟ್ಟಿದ್ದೀರ. ಈ ಔಷಧಿ ಕತ್ತಿನ ಹಿಂದೆ ಹಾಕಿ. ಮಲಗೋ ಬಟ್ಟೆ ಬಿಸಿನೀರಲ್ಲಿ ಒಗೀರಿ, ಅಂಗಡಿ ಮೂಲೆಮೂಲೆ ಗುಡಿಸಿ," ಎನ್ನುತ್ತಲೇ ಡಾಕ್ಟರು ತಮ್ಮ ಬೆನ್ನನ್ನು ಕುರ್ಚಿಗೆ ಉಜ್ಜಿಕೊಂಡರು. "ಥೂ, ಮಗಳು ಹೊಲಿಸಿಕೊಟ್ಟ ಕೋಟು ಇದು. ಯಾವ ಪುಣ್ಯಾತ್ಮ ಹೊಲಿದನೋ."

ನಾನು ಸೂರು ನೋಡಿದೆ. ಹೆಂಡತಿ ನನ್ನನ್ನು ನೋಡಿದಳು.

"ಇವರೇ ಡಾಕ್ಟ್ರೇ," ಎಂದಳು.

ಈಗ ಬಟನ್ ಬರಿಮೈಯಲ್ಲಿ ಸುಖವಾಗಿ ಗೊರಕೆ ಹೊಡೆಯುತ್ತಾನೆ. ಬಾಲದ ಬುಡದಲ್ಲಿ ಹೊಸ ಕೂದಲು ಬಂದಿದೆ, ನನಗೂ ಹೋದ ಜೀವ ಬಂದಿದೆ. ಡಾಕ್ಟರದ್ದೂ ಸೇರಿ ಎಲ್ಲ ಕೋಟುಗಳನ್ನೂ ಕೊಡವಿ, ಸುಡುಸುಡು ಇಸ್ತ್ರಿ ತಿಕ್ಕಿ, ಮನೆಮನೆಗೆ ಹೋಗಿ ಕೈಮುಗಿದು ಕೊಟ್ಟು ಬಂದೆ.

ಮ್ಯಾನೇಜರು ಮಾತ್ರ ಕೋಟನ್ನು ಬಾಗಿಲಲ್ಲೇ ತಡೆದು, ತೋಳಿನೊಳಗೆ ಇಣುಕಿ ಕೇಳಿದರು: "ನಾನೊಬ್ಬನೇ ತಾನೇ ಇದರೊಳಗೆ?"