ಸಾಹೇಬರ ಟೇಬಲ್ಲಿಗೆ ಹೋದ ಜೀನ್

ಹೆಂಡತಿಯ ಕಣ್ಣಿಗೆ ಬೀಳಬಾರದೆಂದು ಗಂಡಸರು ಏನೇನೋ ಬಚ್ಚಿಡುತ್ತಾರೆ. ನಮ್ಮ ಕ್ಯಾಲೆಂಡರ್ ಬಚ್ಚಿಟ್ಟಿದ್ದು ತನ್ನ ಉಗುಳನ್ನು.

ಕ್ಯಾಲೆಂಡರ್ ಎಂಬುದು ಕಚೇರಿಯವರು ಇಟ್ಟ ಅಡ್ಡಹೆಸರು. ಇಪ್ಪತ್ತಾರು ವರ್ಷಗಳಿಂದ ರೆಕಾರ್ಡ್ ರೂಮು ನೋಡಿಕೊಳ್ಳುತ್ತಿದ್ದ ಈ ಗುಮಾಸ್ತ, ಯಾವ ಫೈಲು ಯಾವ ದಿನ ಯಾರ ಕೈಯಿಂದ ಬಂತೆಂದು ನಿಂತಲ್ಲೇ ಹೇಳುತ್ತಿದ್ದ. ಅವನ ತಾಯಿ ಮಾತ್ರ ಮರೆವಿನ ಕಾಯಿಲೆಗೆ ಸಿಕ್ಕಿ, ಕೊನೆಗಾಲದಲ್ಲಿ ಮಗನನ್ನೇ "ನೀವು ಯಾರ ಮನೆಯವರಪ್ಪಾ?" ಎಂದು ಕೇಳಿದ್ದರು. ಅಂದಿನಿಂದ ಅವನಿಗೆ ಒಂದೇ ಹೆದರಿಕೆ. ತನಗೂ ಹಾಗಾದೀತೇ ಎಂದು ತಿಳಿಯಲು ಜೀನ್ ಪರೀಕ್ಷೆಗೆ ಗುಟ್ಟಾಗಿ ಉಗುಳು ಕಳಿಸಿದ. ಹೆಂಡತಿ ಗಾಬರಿಯಾದಾಳೆಂದು ಕಚೇರಿಯ ವಿಳಾಸ ಕೊಟ್ಟ.

ಎಡವಟ್ಟಾಗಿದ್ದು ಅಲ್ಲೇ. ಆ ಕಚೇರಿಗೆ ಬಂದ ಯಾವ ಲಕೋಟೆಯನ್ನೂ ಟಪಾಲು ನೋಡುವಾಕೆ ಒಡೆಯದೆ ಬಿಡುತ್ತಿರಲಿಲ್ಲ. ಒಡೆದು, ಮೊಹರು ಒತ್ತಿ, ನಂಬರು ಹಾಕಿ ಮುಂದಕ್ಕೆ ತಳ್ಳುವುದು ಅಲ್ಲಿನ ಪದ್ಧತಿ.

"ಮೇಡಂ, ನನ್ನ ಹೆಸರಿಗೆ ಒಂದು ಕವರ್ ಬಂತಾ?"

"ಬಂತಲ್ಲ! ನಾನೂರ ಹನ್ನೆರಡನೇ ನಂಬರು. ಸಿಬ್ಬಂದಿ ಶಾಖೆಗೆ ಕಳಿಸ್ದೆ."

"ಓದಿದ್ರಾ?"

"ಓದದೆ ವಿಷಯ ಏನಂತ ಬರೀಲಿ? 'ನೌಕರರ ಮೆದುಳಿನ ಬಗ್ಗೆ' ಅಂತ ಬರ್ದೆ."

ಅಂದೇ ಮುಖ್ಯ ಕಚೇರಿಯಿಂದ ತನಿಖೆಗೆ ಮಹಿಳಾ ಅಧಿಕಾರಿಯೊಬ್ಬರು ಬಂದು ಸಾಹೇಬರ ಕೋಣೆಯಲ್ಲಿ ಕೂತಿದ್ದರು. ಯಾವುದೋ ಫೈಲು ಕಳೆದಿದೆಯಂತೆ, ಯಾವುದೆಂದು ಸಾಹೇಬರು ಯಾರಿಗೂ ಬಾಯಿಬಿಟ್ಟಿರಲಿಲ್ಲ. ಈ ಹೊತ್ತಿನಲ್ಲಿ ರೆಕಾರ್ಡ್ ರೂಮಿನವನಿಗೇ ಮರೆವು ಅಂತಾದರೆ, ಇಪ್ಪತ್ತಾರು ವರ್ಷದ ಕುರ್ಚಿ ಸಂಜೆಯೊಳಗೆ ಹೋಯಿತೆಂದೇ ಲೆಕ್ಕ.

ಕ್ಯಾಲೆಂಡರ್ ಸಿಬ್ಬಂದಿ ಶಾಖೆಗೆ ಓಡಿದ. ಅಲ್ಲಿನ ಬೊಕ್ಕತಲೆಯವರು ಎದ್ದು ಬಂದು ಅವನನ್ನು ಮೆಲ್ಲಗೆ ಕೂರಿಸಿದರು. ಆಮೇಲೆ ಕಿವುಡರೊಂದಿಗೆ ಮಾತಾಡುವಂತೆ ಬಿಡಿಸಿ ಬಿಡಿಸಿ ಕೇಳಿದರು: "ನಾ... ನು... ಯಾರು ಹೇಳಿ?"

"ನನ್ನ ರಿಪೋರ್ಟ್ ಎಲ್ಲಿ ಸ್ವಾಮಿ?"

"ಟಿಪ್ಪಣಿ ಬರೆದು ಸಾಹೇಬ್ರಿಗೆ ಕಳಿಸಿಯಾಯ್ತು. ಆ ಜೀನ್ ನಿಮ್ಮಲ್ಲಿ ಇದೆಯಂತೆ ಕಣ್ರೀ."

ತನ್ನ ಹಣೆಬರಹ ಹೀಗೆ ಬೊಕ್ಕತಲೆಯ ಬಾಯಿಂದ ಕೇಳಬೇಕಾಗಿ ಬರುತ್ತದೆಂದು ಅವನು ಅಂದುಕೊಂಡಿರಲಿಲ್ಲ.

"ಅಂದ್ರೆ... ಬಂದೇಬಿಡುತ್ತಾ?"

"ಹಾಗೇನಿಲ್ಲ. ಬೇರೆಯವರಿಗಿಂತ ಅಪಾಯ ಜಾಸ್ತಿ, ಆದ್ರೆ ಬಂದೇ ಬರುತ್ತೆ ಅಂತಲ್ಲ, ಈಗಂತೂ ಲಕ್ಷಣ ಏನೂ ಇಲ್ಲ ಅಂತಾನೂ ಇತ್ತು."

"ಅದನ್ನ ಟಿಪ್ಪಣೀಲಿ ಬರೆದಿದ್ದೀರಾ?"

"ಎಲ್ಲಿ? ಜಾಗ ಸಾಲ್ಲಿಲ್ಲ."

ಕ್ಯಾಲೆಂಡರ್ ಮೆಟ್ಟಿಲ ಕಡೆ ಓಡಿದ. ಸುದ್ದಿ ಅವನಿಗಿಂತ ಮುಂದೆ ಓಡಿತ್ತು. ಅವಸರದಲ್ಲಿ ಒಂದು ಮೆಟ್ಟಿಲು ತಪ್ಪಿದ್ದಕ್ಕೆ ಮೇಲಿನಿಂದ ಯಾರೋ "ಶುರುವಾಯ್ತು, ಪಾಪ" ಎಂದರು. ಗಾಬರಿಯಲ್ಲಿ ಸಾಹೇಬರ ಕೋಣೆಯೆಂದು ಪೊರಕೆ ಇಡುವ ಗೂಡಿನ ಬಾಗಿಲು ತೆರೆದಾಗ, ನೋಡುತ್ತಿದ್ದ ಇಬ್ಬರು ಕಣ್ಣೊರೆಸಿಕೊಂಡರು.

ಕೊನೆಗೆ ಸರಿಯಾದ ಬಾಗಿಲಿಗೆ ಬಂದ. ತನಿಖೆಯ ಅಧಿಕಾರಿ ತಲೆಯೆತ್ತಿದರು.

"ರೆಕಾರ್ಡ್ ರೂಮಿನವರು ನೀವೇನಾ? ಹನ್ನೊಂದು ವರ್ಷದ ಹಿಂದೆ ನಿಮ್ಮ ಸಾಹೇಬರ ಮೇಲೆ ಬಂದ ದೂರಿನ ಫೈಲು ಕಳೆದುಹೋಗಿದೆಯಂತಲ್ಲ?"

ಇಂಥ ಪ್ರಶ್ನೆಗೇ ಅವನು ಕಾದಿದ್ದ. ನೆನಪು ಗಟ್ಟಿಯಿದೆಯೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕೇ?

"ಕಳೆದಿಲ್ಲ ಮೇಡಂ! ರೂಮಲ್ಲೇ ಇದೆ. ಅವತ್ತು ಗುರುವಾರ. ಸಾಹೇಬ್ರಿಗೆ ನೆಗಡಿ. ಮೂಗು ಒರೆಸ್ಕೊಳ್ತಾ 'ಯಾರ ಕಣ್ಣಿಗೂ ಬೀಳದ ಹಾಗೆ ಇಡ್ರೀ' ಅಂದ್ರು. ಇಟ್ಟೆ."

ಸಾಹೇಬರ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಸಾಹೇಬರ ಕಣ್ಣು ಮುಂದಿದ್ದ ನಾನೂರ ಹನ್ನೆರಡನೇ ನಂಬರಿನ ಕಾಗದದ ಮೇಲೆ ಬಿತ್ತು, ಮುಖಕ್ಕೆ ಮೆಲ್ಲಗೆ ಕಳೆ ಬಂತು. ಅವರು ಅದನ್ನು ಅಧಿಕಾರಿಯತ್ತ ಸರಿಸಿದರು.

"ಪಾಪ, ನಿಷ್ಠಾವಂತರು. ಹೇಳಬಾರದು ಅಂತಿದ್ದೆ. ಇಲ್ಲದ್ದೆಲ್ಲ ಕಾಣುತ್ತೆ ಇವರಿಗೆ."

ಅಧಿಕಾರಿ ಮೇಲಿನ ಟಿಪ್ಪಣಿ ಓದಿದರು. ಕೆಳಗಿನ ರಿಪೋರ್ಟಿನವರೆಗೆ ಅವರ ಕೈ ಹೋಗಲಿಲ್ಲ.

"ಆ ಗುರುವಾರದ ವಿಷಯ ಇನ್ಯಾರಿಗಾದ್ರೂ ನೆನಪಿದೆಯಾ?"

ದೂರಿಗೆ ತನ್ನ ಕೈಯಾರೆ ಮೊಹರು ಒತ್ತಿದ್ದ ಟಪಾಲಿನಾಕೆಯನ್ನು ಕರೆಸಿದರು, ಆಕೆಗೆ ನೆನಪಿರಲಿಲ್ಲ. ಅವತ್ತು ಸಾಹೇಬರಿಗೆ ಕರ್ಚೀಫು ಕೊಟ್ಟಿದ್ದ ಬೊಕ್ಕತಲೆಯವರಿಗೂ ನೆನಪಿರಲಿಲ್ಲ. ಸಾಹೇಬರಿಗಂತೂ ನೆಗಡಿಯಾದದ್ದೇ ನೆನಪಿರಲಿಲ್ಲ. ಇಡೀ ಕಚೇರಿಯಲ್ಲಿ ಎಲ್ಲ ನೆನಪಿದ್ದವನು ಮರೆವಿನ ಜೀನ್ ಇದ್ದವನೊಬ್ಬನೇ.

"ಎರಡೇ ನಿಮಿಷ, ತಂದು ತೋರಿಸ್ತೀನಿ!"

"ಬೇಡಪ್ಪಾ, ಆಯಾಸ ಮಾಡ್ಕೋಬೇಡಿ," ಎಂದರು ಅಧಿಕಾರಿ, ಮಕ್ಕಳಿಗೆ ಹೇಳುವ ದನಿಯಲ್ಲಿ. "ಕೀಲಿ ಸಾಹೇಬ್ರಿಗೆ ಕೊಟ್ಟು ಮನೆಗೆ ಹೋಗಿ. ಅವರೇ ಹುಡುಕಿಸ್ತಾರೆ."

ಸಾಹೇಬರು ಅವನ ಹೆಗಲ ಮೇಲೆ ಕೈಹಾಕಿ ಹೊರಗೆ ಕರೆತಂದರು. ಬಾಗಿಲು ಮುಚ್ಚಿದ ಮೇಲೆ ದನಿ ತಗ್ಗಿಸಿದರು.

"ಅಂದಹಾಗೆ, ಎಲ್ಲಿಟ್ಟಿದ್ರಿ ಅದನ್ನ? ನಾಲ್ಕು ದಿನದಿಂದ ಕದ್ದುಮುಚ್ಚಿ ಹುಡುಕಿ ಸಾಕಾಗಿದೆ. ನೆನಪಿದೆಯೋ, ಇಲ್ವೋ?"

'ನೆನಪಿಲ್ಲ' ಎಂದಿದ್ದರೆ ಸಾಕಿತ್ತು. ಫೈಲು ಇದ್ದಲ್ಲೇ ಉಳಿಯುತ್ತಿತ್ತು, ಇವತ್ತಲ್ಲ ನಾಳೆ ಅದೇ ಅವನನ್ನು ಕಾಪಾಡುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಆದರೆ ಆ ಒಂದು ಮಾತು ನಾಲಿಗೆಯಿಂದ ಹೊರಡಲೊಲ್ಲದು. ಸುಳ್ಳಿಗೆ ಅಂದರೂ ನಿಜವಾಗಿಬಿಟ್ಟೀತೆಂದು ಅವನಿಗೆ ಭಯವಾಯಿತು.

"ಎಡಗಡೆ ಮೂರನೇ ರ‍್ಯಾಕು, ಕೆಳಗಿನಿಂದ ಎರಡನೇ ಸಾಲು, ಹಳೇ ಹಾಜರಿ ಪುಸ್ತಕಗಳ ಹಿಂದೆ, ಹಸಿರು ದಾರ ಕಟ್ಟಿದೆ," ಎಂದು ಒಂದೇ ಉಸಿರಿಗೆ ಒಪ್ಪಿಸಿದ.

"ಭೇಷ್! ಏನು ಜ್ಞಾಪಕಶಕ್ತಿ ಕಣ್ರೀ ನಿಮ್ದು!" ಎಂದು ಬೆನ್ನು ತಟ್ಟಿ, ಅವನ ಕೈಯಿಂದ ಕೀಲಿ ತೆಗೆದುಕೊಂಡು, ಸಾಹೇಬರು ರೆಕಾರ್ಡ್ ರೂಮಿನ ಕಡೆ ದಾಪುಗಾಲು ಹಾಕಿದರು.