ಕಾಣದ ಕೌಂಟಿಯ ಪಂಡಿತ

ನೋಡದ ಊರಿನ ಬಗ್ಗೆ ಭಾಷಣ ಮಾಡಿ ಹೊಟ್ಟೆ ಹೊರೆಯುವವನಿಗೆ ಅವಮಾನ ತಾನಾಗಿಯೇ ವಿಳಾಸ ಹುಡುಕಿಕೊಂಡು ಬರುತ್ತದೆ. ನನ್ನಲ್ಲಿಗೆ ಮೂರು ಸಲ ಬಂತು. ಮೂರು ಸಲವೂ ಬಾಗಿಲು ತೆಗೆದವನು ನಾನೇ.

ಅರವತ್ತರ ದಶಕದ ಮಾತು. ಇತಿಹಾಸದಲ್ಲಿ ಬಿ.ಎ. ಮಾಡಿ, ಮದರಾಸಿನಲ್ಲಿ ಅಮೆರಿಕನ್ನರು ನಡೆಸುತ್ತಿದ್ದ ವಾಚನಾಲಯವೊಂದರಲ್ಲಿ ಹಂಗಾಮಿ ಕನ್ನಡ ಸಹಾಯಕನಾಗಿದ್ದೆ. ಅಲ್ಲಿನ ಅಮೆರಿಕನ್ ಅಧಿಕಾರಿ ಒಂದು ದಪ್ಪ ಪುಸ್ತಕ ಕೈಗಿಟ್ಟು, "ಇದು ನಮ್ಮ ದೇಶದ ಒಂದು ಹಳ್ಳಿಗಾಡಿನ ಕೌಂಟಿಯ ಚರಿತ್ರೆ. ಕೌಂಟಿ ಅಂದರೆ ನಿಮ್ಮ ತಾಲ್ಲೂಕಿನ ಹಾಗೆ. ಇದರ ಮೇಲೆ ಇಲ್ಲಿನ ಕನ್ನಡಿಗರಿಗೆ ಮೂರು ಭಾಷಣ ಮಾಡಿ. ಚೆನ್ನಾಗಿ ಆದರೆ ನೌಕರಿ ಕಾಯಂ" ಎಂದರು. ಅತ್ತ ಟಿ. ನಗರದಲ್ಲಿ ನಮ್ಮ ಮಾವನವರು, "ಕಾಯಂ ಆಗಲಿ, ಮಗಳನ್ನ ಕಳಿಸ್ತೀನಿ" ಎಂದು ನನ್ನ ಹೊಸ ಹೆಂಡತಿಯನ್ನು (ಹೊಸ ಎಂದರೆ ಹಳೆಯದೊಂದಿತ್ತು ಅಂತಲ್ಲ) ತಮ್ಮಲ್ಲೇ ಇಟ್ಟುಕೊಂಡಿದ್ದರು.

ಹಪ್ಪಳ

ಮೊದಲ ಭಾಷಣ ತಿರುವಲ್ಲಿಕೇಣಿಯಲ್ಲಿ, ಮೇ ತಿಂಗಳ ಸೆಕೆಯಲ್ಲಿ. ಆ ಕೌಂಟಿಯಲ್ಲಿ ವರ್ಷಕ್ಕೆ ಐದು ತಿಂಗಳು ಹಿಮ ಎಂದು, ಬೆವರು ಒರೆಸಿಕೊಳ್ಳುತ್ತಲೇ ನಡುಗಿ ತೋರಿಸಿದೆ. ಅಜ್ಜಿಯೊಬ್ಬರು ಕೇಳಿದರು: "ಹಂಗಾದ್ರೆ ಹಪ್ಪಳ ಎಲ್ಲಿ ಒಣಗಿಸ್ತಾರಪ್ಪ?"

"ಪುಸ್ತಕದಲ್ಲಿ ಬರೆದಿಲ್ಲ, ಅಜ್ಜಿ."

"ಇಷ್ಟು ದಪ್ಪ ಇದೆಯಲ್ಲೋ! ಮತ್ತೆ ಏನು ಬರೆದಿದ್ದಾರೆ ಅದರಲ್ಲಿ?"

ಹುಡುಕುವವನಂತೆ ಹಾಳೆ ಮಗುಚಿದೆ. ಸಭೆ ಹಪ್ಪಳಕ್ಕಾಗಿ ಕಾದು ಕಾದು ಮನೆಗೆ ಹೋಯಿತು.

ಏಕಾದಶಿ

ಎರಡನೆಯದಕ್ಕೆ ಅಧಿಕಾರಿಯೇ ಬಂದು ಹಿಂದೆ ಕೂತರು. ಅವರಿಗೆ ಕನ್ನಡ ಬಾರದು. ನನಗಿದ್ದ ಧೈರ್ಯ ಅದೊಂದೇ. ಆ ಕೌಂಟಿಯಲ್ಲಿ ಜರ್ಮನಿಯಿಂದ ಬಂದವರದೊಂದು ಚರ್ಚು, ನಾರ್ವೆಯವರದೊಂದು. ಪಂಥ ಒಂದೇ, ಆದರೂ ರಸ್ತೆಯ ಆಚೆಗೊಂದು, ಈಚೆಗೊಂದು.

"ಒಂದೇ ಪಂಥಕ್ಕೆ ಎರಡು ಯಾಕೆ ಮಾರಾಯ್ರೆ?" ಎಂದರು ಉಡುಪಿ ಕಡೆಯ ಒಬ್ಬ ಹೋಟೆಲ್ ಮಾಲೀಕರು.

ಜಾಣತನ ತೋರಿಸಲು ಹೋದೆ. "ನಮ್ಮಲ್ಲೂ ಸ್ಮಾರ್ತರ ಏಕಾದಶಿ ಇವತ್ತು, ಮಾಧ್ವರದು ನಾಳೆ ಅಂತ ಆಗೋದಿಲ್ಲವೇ? ಹಾಗೆ."

"ಈ ಸಲ ನಾಳೆಯದೇ ಸರಿ" ಎಂದರು ಮಾಲೀಕರು.

"ಯಾರ್ರೀ ಹೇಳಿದ್ದು ನಿಮಗೆ?" ಎಂದು ಪಕ್ಕದವರು ಎದ್ದರು. ಪಂಚಾಂಗ ಬಂತು, ಧ್ವನಿ ಏರಿತು, ಮೇಜು ಗುದ್ದಿಸಿಕೊಂಡಿತು. ಒಂದು ಗಂಟೆ ಅಮೆರಿಕ ಯಾರಿಗೂ ಬೇಕಾಗಲಿಲ್ಲ. ಕೊನೆಗೆ ಅಧಿಕಾರಿ ನನ್ನ ಕೈ ಕುಲುಕಿ, "ಆ ಕೌಂಟಿಯ ಬಗ್ಗೆ ಜನರಿಗೆ ಇಷ್ಟು ಆವೇಶ ಬರಿಸಿದವರು ಅಮೆರಿಕದಲ್ಲೂ ಇಲ್ಲ!" ಎಂದರು.

ಸೇತುವೆ

ಆ ಖುಷಿಯಲ್ಲಿ ಮೂರನೆಯದಕ್ಕೆ ಅತಿಥಿಯೊಬ್ಬರನ್ನು ಕರೆತಂದರು: ಭಾರತ ನೋಡಲು ಬಂದಿದ್ದ, ಅದೇ ಕೌಂಟಿಯ ಮುದಿ ರೈತ. ಭಾಷಣ ಇಂಗ್ಲಿಷಿನಲ್ಲಿ ಆಗಬೇಕೆಂದು ಅಪ್ಪಣೆ. ಮಾವನವರು ಬೇರೆ ಮುಂದಿನ ಸಾಲಿನಲ್ಲಿ. ನಾನು ಹೊಳೆಯ ಮೇಲಿನ ಮರದ ಸೇತುವೆಯನ್ನು ವರ್ಣಿಸುತ್ತಿದ್ದಾಗ ರೈತ ಕೈ ಎತ್ತಿದರು. "ಅದು ಪ್ರವಾಹದಲ್ಲಿ ಕೊಚ್ಚಿಹೋಗಿ ಇಪ್ಪತ್ತು ವರ್ಷವಾಯಿತಲ್ಲ."

ಮಾವನವರು ನನ್ನ ಮುಖ ನೋಡಿದರು. ನನ್ನ ಬಾಯಿ ನನ್ನ ಹಿಡಿತದಲ್ಲಿರಲಿಲ್ಲ. "ಇಲ್ಲ ಸರ್, ಇದೆ. ಪುಟ ಇನ್ನೂರ ಹನ್ನೆರಡು."

"ನಾನು ಅಲ್ಲೇ ಹುಟ್ಟಿದವನು."

"ಇರಬಹುದು ಸರ್. ಪುಸ್ತಕ ಓದಿದ್ದೀರಾ?"

ಅಧಿಕಾರಿ ಹಣೆ ಹಿಡಿದುಕೊಂಡರು. ರೈತ ಮಾತ್ರ ಬಿದ್ದು ಬಿದ್ದು ನಕ್ಕರು. "ನಮ್ಮ ಕೌಂಟಿ ಕಚೇರಿಯ ಗುಮಾಸ್ತನೂ ಥೇಟ್ ಹೀಗೇ. ಎದುರಿಗೆ ನಿಂತರೂ, ಬದುಕಿದ್ದೀರಿ ಅನ್ನೋದಕ್ಕೆ ಕಾಗದ ಕೇಳ್ತಾನೆ. ಇವರನ್ನು ಬಿಡಬೇಡಿ, ಕಚೇರಿಗೆಂದೇ ಹುಟ್ಟಿದವರು!"

ವಾರದೊಳಗೆ ಕಾಯಂ ಆದೇಶ ಬಂತು, ದಾಖಲೆ ವಿಭಾಗಕ್ಕೆ. ಹೆಂಡತಿಯೂ ಬಂದಳು. ಹೆಮ್ಮೆಯಿಂದ ಆದೇಶವನ್ನು ಅವಳ ಕೈಗಿತ್ತೆ. ಕೊನೆಯ ಸಾಲನ್ನು ಎರಡು ಸಲ ಓದಿದಳು: 'ಇನ್ನು ಮುಂದೆ ಇವರು ಯಾವ ಕಾರಣಕ್ಕೂ ಭಾಷಣ ಮಾಡತಕ್ಕದ್ದಲ್ಲ.'

"ರೀ, ಇದು ಮನೆಗೂ ಅನ್ವಯಿಸುತ್ತಾ, ಒಂದ್ಸಲ ಕೇಳ್ಕೊಂಡು ಬನ್ನಿ" ಎಂದಳು.